ಎರಡು ಕೈಗೆ ಒಂದೇ ಅಪ್ಪಣೆ

ಕೋವಿಡ್ ತಣ್ಣಗಾದ ಮರುವರ್ಷದ ಮಾತು. ನಾನಾಗ ಬೈಲಹೊಂಗಲದಲ್ಲಿ ನರರೋಗ ತಜ್ಞೆ. ಮಂಗಳವಾರಗಳಂದು ರಾಮದುರ್ಗದ ಒಂದು ಕ್ಲಿನಿಕ್‌ನಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಅಂಥದ್ದೊಂದು ದಿನ ಕಟಕೋಳದ ಪಾರವ್ವ ತನ್ನ ಸೊಸೆ ಮಹಾದೇವಿಯನ್ನು ಕರೆತಂದಳು. ಸೊಸೆಯೆಂದರೆ ಸ್ವಂತ ತಮ್ಮನ ಮಗಳೇ. ನಾಲ್ಕು ತಿಂಗಳ ಕೂಸು ಅಜ್ಜಿಯ ಮಡಿಲಲ್ಲಿತ್ತು.

“ಈಕಿ ಕೈ ಈಕಿ ಮಾತು ಕೇಳಂಗಿಲ್ರಿ,” ಎಂದಳು ಪಾರವ್ವ. “ಕೂಸಿನ್ನ ನೀರಾಗ ಬಿಟ್ಟಾಳ.”

ಮಹಾದೇವಿ ಕೂಸನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ನೀರೆರೆಯುತ್ತಿದ್ದಳಂತೆ. ಎಡಗೈಯಲ್ಲಿ ಕೂಸಿನ ತೋಳು, ಬಲಗೈಯಲ್ಲಿ ಚೊಂಬು. ಚೊಂಬು ಕೆಳಗಿಡಲು ಬಲಗೈ ಬಿಚ್ಚಿದಾಗ ಎಡಗೈಯೂ ಬಿಚ್ಚಿಕೊಂಡಿತು. ಕೂಸು ಮುಳುಗಿತು, ಪುಣ್ಯಕ್ಕೆ ಏನೂ ಆಗಲಿಲ್ಲ. ಅಂದಿನಿಂದ ಮೂರು ವಾರ, ಹಾಲೂಡುವ ಹೊತ್ತು ಬಿಟ್ಟರೆ ಕೂಸು ತಾಯಿಯ ಕೈಗೆ ಸಿಕ್ಕಿರಲಿಲ್ಲ.

ಬಲಗೈ ಬೆರಳುಗಳಿಂದ ಮೇಜು ಬಡಿಯಲು ಹೇಳಿ, ಅವಳ ಎಡಗೈಯ ಮೇಲೆ ಒಂದು ದಿನಪತ್ರಿಕೆ ಹೊದಿಸಿದೆ. ಬಲಗೈ ಬಡಿದಷ್ಟು ಸಲವೂ ಪತ್ರಿಕೆ ಸರಸರ ಎಂದಿತು, ಒಳಗೆ ಏನೋ ಹರಿದಾಡಿದಂತೆ.

“ನಾ ಮಾಡಾಕ ಹತ್ತಿಲ್ರಿ,” ಎಂದು ಮಹಾದೇವಿ ಅತ್ತಳು. “ಸಣ್ಣಾಕಿದ್ದಾಗಿಂದ ಹಿಂಗ ತಾನ ಮಾಡತೈತಿ.”

ಇದನ್ನು ನಾವು ಮಿರರ್ ಮೂವ್‌ಮೆಂಟ್ ಎನ್ನುತ್ತೇವೆ. ಮಿದುಳಿನ ಎಡಭಾಗ ಬಲಗೈಯನ್ನು ಆಳುತ್ತದೆ, ಬಲಭಾಗ ಎಡಗೈಯನ್ನು. ಗರ್ಭದಲ್ಲಿ ಬೆಳೆಯುವಾಗಲೇ ನರತಂತುಗಳು ನಡುಗೆರೆ ದಾಟಿ ಆಚೆ ಬದಿಗೆ ಹೋಗಬೇಕು. ಕೆಲವು ದಾಟದೆ ಉಳಿದರೆ ಒಂದು ಕೈಗೆ ಕೊಟ್ಟ ಅಪ್ಪಣೆ ಎರಡಕ್ಕೂ ಮುಟ್ಟುತ್ತದೆ.

“ಮನೆತನದಾಗ ಮತ್ತ ಯಾರಿಗರ ಈ ಬ್ಯಾನಿ ಐತೇನು?” ಎಂದು ಕೇಳಿದೆ.

“ಯಾರಿಗೂ ಇಲ್ರಿ,” ಎಂದಳು ಪಾರವ್ವ.

ಮಹಾದೇವಿಯ ಒಪ್ಪಿಗೆ ಪಡೆದು ರಕ್ತವನ್ನು ಒಂದು ಸಂಶೋಧನಾಲಯಕ್ಕೆ ಕಳಿಸಿದೆ. ಕೆಲವು ವಾರಗಳ ಬಳಿಕ, ನರತಂತುಗಳಿಗೆ ದಾರಿ ತೋರುವ ಒಂದು ಜೀನ್‌ನಲ್ಲಿ ದೋಷ ಸಿಕ್ಕಿತು. ಅದೇ ಜೀನ್ ಕೆಡಿಸಿದ ಇಲಿಗಳು ಅಲ್ಲಿದ್ದವು; ನೋಡಲು ಹೋದೆ. ವಿಜ್ಞಾನಿ ಒಂದು ಇಲಿಯ ಹಿಂಗಾಲುಗಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಬಿಟ್ಟಳು. ಅದು ನಡೆಯಲಿಲ್ಲ. ಎರಡೂ ಹಿಂಗಾಲನ್ನು ಒಟ್ಟಿಗೇ ಎತ್ತಿ, ಒಟ್ಟಿಗೇ ಊರಿ ಕುಪ್ಪಳಿಸಿತು. ಸದ್ದಿಲ್ಲದ ಆ ಕೋಣೆಯಲ್ಲಿ ಜೋಡಿಜೋಡಿಯಾಗಿ ಮೂಡುತ್ತಿದ್ದ ಹೆಜ್ಜೆ ಕಂಡು, ಇಷ್ಟು ವರ್ಷ ನರಗಳನ್ನೇ ಓದಿದ ನನಗೂ ಮೈ ಜುಮ್ಮೆಂದಿತು.

ಆ ಕಾಗದವನ್ನು ಕೇಳಿ ತಂದು ಮುಂದಿನ ಮಂಗಳವಾರ ಅತ್ತೆ ಸೊಸೆಯರ ಮುಂದೆ ಹರಡಿ ಇಲಿಯ ಕಥೆ ಹೇಳಿದೆ. ಕೂಸು ಮಹಾದೇವಿಯ ಬಳಿ ಹಾಲು ಕುಡಿಯುತ್ತಿತ್ತು. ಪಾರವ್ವ ಬಗ್ಗಿ ನೋಡಿ, ಬಲಗೈ ಬೆರಳಿನಿಂದ ಒಂದು ಜೋಡಿ ಹೆಜ್ಜೆ ತೋರಿಸಿದಳು.

“ಇದಕ್ಕೂ ನನ್ನಂಗ ಆಗೈತೇನ್ರಿ?”

ಸೆರಗಿನೊಳಗಿಂದ ಅವಳ ಎಡಗೈ ಬೆರಳೂ ಮೇಲೆದ್ದಿತ್ತು. ಅದು ಏನೂ ಇಲ್ಲದ ಕಡೆ ತೋರಿಸುತ್ತಿತ್ತು.

ಮಹಾದೇವಿ ಆ ಬೆರಳನ್ನೇ ನೋಡಿದಳು.

“ನಲವತ್ತ ವರ್ಷ ಮುಚ್ಚಿಟ್ಟೇನ್ರಿ,” ಎಂದಳು ಪಾರವ್ವ. “ಈಕಿ ಸೊಸಿಯಾಗಿ ಬಂದ ದಿನಾನ, ಹಿಟ್ಟು ನಾದೂವಾಗ ಈಕಿ ಕೈ ಗುರ್ತು ಹಿಡಿದೆ. ನನ್ನ ಕೈ ಏನೇನು ಬಿಟ್ಟೈತಿ ಅಂತ ನನಗ ಗೊತ್ತಿತ್ತು. ಅದಕ್ಕ ಕೂಸಿನ್ನ ಕಸಗೊಂಡೆ.”

“ನನಗ ಯಾಕ ಹೇಳಲಿಲ್ಲ ಅತ್ತಿ?”

ಪಾರವ್ವ ಕ್ಲಿನಿಕ್‌ನ ನೆಲದ ಮೇಲೆ ಕಾಲು ಚಾಚಿ ಕುಳಿತಳು. ಕೂಸನ್ನು ಇಸಿದುಕೊಂಡು ಕಾಲ ಮೇಲೆ ಮಲಗಿಸಿದಳು. “ಹಿಂಗ ಎರಿ. ಕೈ ಬಿಟ್ಟರೂ ಕಾಲು ಬಿಡಂಗಿಲ್ಲ. ಬಲಗೈಲೆ ಏನರ ಇಡಬೇಕಾದ್ರ ಮೊದಲ ಕೂಸಿನ್ನ ಮಡಲಾಗ ಹಾಕ್ಕೋ.” ಆಮೇಲೆ ಕೂಸನ್ನೆತ್ತಿ ಸೊಸೆಯ ಕೈಗೇ ಕೊಟ್ಟಳು. ನಾನು ಬರೆದುಕೊಡಬಹುದಾದ ಮದ್ದು ಯಾವುದೂ ಇರಲಿಲ್ಲ.

ಅಷ್ಟರಲ್ಲಿ ಕೂಸು ಎರಡೂ ಮುಷ್ಟಿಯನ್ನು ಒಟ್ಟಿಗೇ ಬಿಚ್ಚಿತು, ಒಟ್ಟಿಗೇ ಮುಚ್ಚಿತು. ಎಳೆಗೂಸುಗಳೆಲ್ಲ ಹಾಗೆಯೇ ಮಾಡುತ್ತವೆ ಎಂದು ಅವರಿಗೆ ಹೇಳಿದೆ. ಇದು ನಿಲ್ಲುತ್ತದೋ ಇಲ್ಲವೋ ತಿಳಿಯಲು ವರ್ಷಗಳು ಬೇಕು. ಆದರೂ ನಾವು ಮೂವರೂ ಆ ಮುಷ್ಟಿಗಳಿಂದ ಕಣ್ಣು ಕೀಳಲಿಲ್ಲ.

ಪಾರವ್ವ ಮೊದಲ ದಿನ ಸುಳ್ಳು ಹೇಳಿದಳೆಂದು ನನಗೆ ಈಗ ಅನಿಸುವುದಿಲ್ಲ. ನಾನು ಕೇಳಿದ್ದು ಬ್ಯಾನಿಯ ಬಗ್ಗೆ. ಅವಳು ಅದನ್ನು ಬ್ಯಾನಿಯೆಂದಲ್ಲ, ತನ್ನ ಕೈಯ ಗುಣವೆಂದೇ ತಿಳಿದಿದ್ದಳು. ಅಂದಿನಿಂದ ನಾನು ರೋಗಿಯನ್ನು ಕರೆತಂದವರಿಗೂ ಎರಡೂ ಕೈ ಮೇಜಿನ ಮೇಲೆ ಇಡಲು ಹೇಳುತ್ತೇನೆ.