ಬಂಡೆಯ ಹತ್ತಿರ ನಾಲ್ಕು ಗೆರೆ

ರಜೆಗೆ ಬಂದ ಮೊಮ್ಮಗಳು ಕಂಪ್ಯೂಟರಿನಲ್ಲಿ ಜಲಾಂತರ್ಗಾಮಿಯ ಆಟ ಆಡುತ್ತಿದ್ದಳು. ದುರ್ಬೀನಿನ ಗಾಜಿನ ಮೇಲೆ ಸಣ್ಣ ಸಣ್ಣ ಗೆರೆಗಳು, ಆಚೆ ಒಂದು ಹಡಗು. ಅದು ಎಷ್ಟು ಗೆರೆ ತುಂಬುತ್ತದೆ ಎಂದು ಎಣಿಸಿ ದೂರ ಹೇಳಬೇಕಂತೆ. ನೋಡುತ್ತಿದ್ದಂತೆ ನನ್ನ ಬಾಯಲ್ಲಿ ಹಳೆಯ ನೂಲಿನ ರುಚಿ ಬಂತು…

ಎಂಬತ್ತರ ದಶಕದ ಮಾತು. ಮಾಗಳದ ಶಾಲೆಗೆ ಟೀಚರಾಗಿ ಹೊಸದಾಗಿ ಹೋಗಿದ್ದೆ. ನನಗೆ ಕೋಣೆ ಬಾಡಿಗೆ ಕೊಟ್ಟವರನ್ನು ಊರೆಲ್ಲ ಮಿಲ್ಟ್ರಿ ಕಾಕಾ ಎನ್ನುತ್ತಿತ್ತು. "ಮಿಲ್ಟ್ರಿ ಅಲ್ಲಲೇ, ನೇವಿ! ಸಮುದ್ರದ ಬುಡಕ ಇದ್ದು ಬಂದೀನಿ" ಎಂದು ಅವರು ರೇಗುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆ ಅಂದರೆ ಮಾತ್ರ ಕೆಂಡಾಮಂಡಲ.

ಸಂಜೆ ಹೊಳೆದಂಡೆಯ ಮಂಟಪದಲ್ಲಿ ನಮ್ಮ ಆಟ. ಗೆರೆ ಕೊರೆದ ಬಿದಿರಿನ ಪಟ್ಟಿ, ಅದಕ್ಕೊಂದು ನೂಲು. ನೂಲಿನ ಗಂಟನ್ನು ಹಲ್ಲಲ್ಲಿ ಕಚ್ಚಿ, ಪಟ್ಟಿಯನ್ನು ಮುಂದಕ್ಕೆ ಎಳೆದು ಹಿಡಿದರೆ ಕಣ್ಣಿಗೂ ಪಟ್ಟಿಗೂ ದೂರ ಸದಾ ಒಂದೇ, ಅಳತೆ ತಪ್ಪುತ್ತಿರಲಿಲ್ಲ. ಆಚೆ ದಡದಿಂದ ಬರುವ ಹರಿಗೋಲೇ ವೈರಿ ಹಡಗು. ನಾನು ಗೆರೆ ಹೇಳಬೇಕು, ಅವರು ಬಾಯಲ್ಲೇ ಲೆಕ್ಕ ಹಾಕಿ ದೂರ ಹೇಳುವರು. "ದೂರ ಸಿಕ್ಕತು. ಯಾ ಕಡೆ ಮುಖ ಮಾಡೇತಿ ಅನ್ನೋ ಕೋನ ಮಾತ್ರ ಸಿಗಂಗಿಲ್ರಿ ಅಕ್ಕೋರ. ಹಡಗಿಗೆ ಮೂತಿ ಇರತೈತಿ, ಈ ದುಂಡನ ಬುಟ್ಟಿಗೆ ಎಲ್ಲೈತಿ ಮೂತಿ?" ಎಂದು ನಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಮೆಚ್ಚಿದವನನ್ನು ಮದುವೆಯಾಗಿ ಹೊಳೆ ದಾಟಿ ಹೋದವಳು. "ನನ್ನ ಮನಿ ಮೆಟ್ಲಾ ಹತ್ತಬ್ಯಾಡ" ಎಂದು ಇವರೇ ಅಂದಿದ್ದರು. ಏಳು ವರ್ಷದ ಮೇಲೆ ಅಂಬಿಗನ ಕೈಲಿ ಅವಳೇ ಹೇಳಿ ಕಳಿಸಿದಳು: ಸೋಮವಾರ ಬರುತ್ತೇನೆ, ಅಪ್ಪ ದಡದಲ್ಲಿ ನಿಂತಿದ್ದರೆ ಇಳಿಯುತ್ತೇನೆ, ಇಲ್ಲದಿದ್ದರೆ ಅದೇ ಹರಿಗೋಲಿನಲ್ಲಿ ವಾಪಸ್ಸು.

ಸೋಮವಾರ ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಬಂದವರು ಮಂಟಪದ ಕಂಬದ ಮರೆಯಲ್ಲೇ ಕುಳಿತರು, ದಡಕ್ಕೆ ಇಳಿಯಲು ಸುತರಾಂ ಒಪ್ಪಲಿಲ್ಲ. "ಆಕಿ ಅಂತ ಖಾತ್ರಿ ಆಗ್ಲಿ, ಇಳೀತೀನಿ. ಬರದಿದ್ರ ಮಂದಿ ಮುಂದ ನಗೆಪಾಟಲಾಗಬೇಕೇನ್ರಿ?" ಹೊಳೆಯ ನಡುವಿನ ಬಂಡೆಯ ದೂರವನ್ನು ಬೇಸಿಗೆಯಲ್ಲಿ ಹಗ್ಗ ಹಿಡಿದು ಅಳೆದಿಟ್ಟಿದ್ದರು. ಮಗಳು ಹರಿಗೋಲಿನಲ್ಲಿ ಕೂರುವವಳೇ ಅಲ್ಲವಂತೆ. ಬಂಡೆಯ ಹತ್ತಿರ ಅವಳು ನಿಂತಿದ್ದರೆ ಅವಳ ಎತ್ತರಕ್ಕೆ ಐದು ಗೆರೆ ತುಂಬಬೇಕು.

ಹರಿಗೋಲು ಬಂಡೆಗೆ ಬಂತು. ಹೆಂಗಸೊಬ್ಬಳು ಎದ್ದು ನಿಂತಿದ್ದಳು. ನೂಲು ಕಚ್ಚಿ ನೋಡಿದೆ.

"ಎಷ್ಟ್ರಿ?"

"ನಾಲ್ಕು."

"ಸರಿಯಾಗಿ ನೋಡ್ರಿ ಅಕ್ಕೋರ."

"ನಾಲ್ಕೇ ಕಾಕಾ."

"ಹಂಗಾರ ನನ್ನ ಮಗಳಲ್ಲ ಬಿಡ್ರಿ. ಆಕಿ ನನ್ನಂಗ ಎತ್ತರ." ಎದ್ದು ಮನೆಯ ಕಡೆ ನಡೆದುಬಿಟ್ಟರು. ನಾನೂ ಶಾಲೆಗೆ ಹೋದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಅಂಬಿಗ ಬಾಗಿಲಲ್ಲಿ ನಿಂತಿದ್ದ. "ಯಾಕ್ರಿ ಕಾಕಾ, ದಡಕ್ಕ ಬರಲಿಲ್ಲ? ನಿಮ್ಮ ಮಗಳು ಹಾದಿ ನೋಡಿ ನೋಡಿ ತಿರುಗಿ ಹೋದ್ಲು. ಕಲ್ಲು ಹೊತ್ತು ಹೊತ್ತು ನಡಾನ ಬಗ್ಗಿ ಹೋಗೇತ್ರಿ ಪಾಪ…"

ಕಾಕಾ ಚಪ್ಪಲಿ ಕೂಡ ಮೆಟ್ಟದೆ ಹೊಳೆಗೆ ಓಡಿದರು. ಆಚೆ ಊರಿನಲ್ಲಿ ಮಗಳ ಮನೆಗೆ ಬೀಗ. ಗಂಡ ಹೆಂಡತಿ ಕೂಲಿ ಹುಡುಕಿಕೊಂಡು ಆಗಲೇ ಬಸ್ಸು ಹತ್ತಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಕಾಕಾ ತೀರಿಕೊಂಡರು. ಮಗಳಿಗೆ ಸುದ್ದಿ ಮುಟ್ಟಿಸಲೂ ಆಗಲಿಲ್ಲ.

ನನ್ನನ್ನು ಒಂದು ಮಾತೂ ಅನ್ನಲಿಲ್ಲ ಆ ಮನುಷ್ಯ. ಅಂದಿದ್ದರೆ ಚೆನ್ನಾಗಿತ್ತು. ಆ ಹೆಣ್ಣುಮಗಳು ಬಗ್ಗಿ ನಿಂತದ್ದು ನನ್ನ ಕಣ್ಣಿಗೆ ಕಂಡಿತ್ತು. ಅವರು ಗೆರೆ ಕೇಳಿದರು, ನಾನು ಗೆರೆ ಹೇಳಿದೆ… ಬಗ್ಗಿದ್ದಾಳೆ ಎಂಬ ಒಂದು ಮಾತು ಸೇರಿಸಲು ನನ್ನ ಬಾಯಿಗೇನಾಗಿತ್ತು?

"ಅಜ್ಜಿ, ನೀನು ನೋಡಿ ಹೇಳು, ಎಷ್ಟು ಗೆರಿ ಐತಿ?" ಮೊಮ್ಮಗಳು ಕೇಳಿದಳು.

"ಕನ್ನಡಕ ಇಲ್ಲವ್ವ" ಎಂದು ಎದ್ದು ಒಳಗೆ ಹೋದೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು.