ದುಖಾನಿನ ಬಂಗರಸ

ಎದುರಿನವರ ಮಾತು ನಾಟಿದರೆ ಸದಾನಂದ ಮಾವ ಕಣ್ಣು ಮುಚ್ಚಿ ತೊಡೆಗೆ ಎರಡು ಸಲ ತಟ್ಟುತ್ತಿದ್ದರು. ಹಾಗೆ ತಟ್ಟಿದಾಗಲೆಲ್ಲ ನಾನು ಡೈರಿಯಲ್ಲಿ ಒಂದು ಗೀಟು ಹಾಕುತ್ತಿದ್ದೆ. ೧೯೯೬ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನನ್ನ ಮಾತಿಗೆ ಬಿದ್ದ ಗೀಟುಗಳು ಹತ್ತೊಂಬತ್ತು. ಅಪ್ಪನ ಮಾತಿಗೆ ಒಂದೂ ಇಲ್ಲ.

ಮಾವ ಎಂದರೆ ನಂಟಲ್ಲ, ಅಮ್ಮನ ಊರಿನ ಕಡೆಯವರು, ಅಷ್ಟೆ. ಗಲ್ಫಿನಲ್ಲಿ, ದುಖಾನಿನ ಎಣ್ಣೆ ಬಾವಿಗಳಲ್ಲಿ ಸೂಪರ್‌ವೈಸರ್. ಶುಕ್ರವಾರ ಬೆಳಿಗ್ಗೆ ಒಬ್ಬರೇ ಕಾರು ಓಡಿಸಿಕೊಂಡು ಮುಐದರಿನ ನಮ್ಮ ಮನೆಗೆ ಬರುವರು. ದಾರಿಯುದ್ದಕ್ಕೂ ತಮ್ಮೊಡನೆ ತಾವೇ ವಾದ ಮಾಡಿ ಗಂಟಲು ಕಟ್ಟಿರುತ್ತಿತ್ತು. "ಒಂಚೂರು ಬಿಸಿನೀರು ಕೊಡು ಮಾರಾಯ್ತಿ, ಬರುವಾಗ ಎರಡು ರಾಜ್ಯ ಗೆದ್ದು ಬಂದೆ" ಎಂದು ಅಮ್ಮನಿಗೆ ಹೇಳುವರು.

ಅವರ ಹುಚ್ಚು ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಎದುರುಬದುರು ಕುಳಿತವರು ಪಾತ್ರಗಳಾಗಿ ವಾದ ಹೂಡಬೇಕು. ಆ ವರ್ಷ ನಮ್ಮ ಕರಾವಳಿಯ ಬಳಗ ಉಳ್ಳಾಲದ ರಾಣಿ ಅಬ್ಬಕ್ಕನ ಕಥೆ ಎತ್ತಿಕೊಂಡಿತು. ಅವಳ ಗಂಡ ಬಂಗರಸನಾಗಿ ಮಾವ, ಅಬ್ಬಕ್ಕನಾಗಿ ನಾನು. ಅಲ್ಲಿಯವರೆಗೆ ಹುಡುಗಿಯರು ಕುಳಿತದ್ದಿಲ್ಲ. "ಈ ಸಲ ನೋಡುವ. ಕೆಟ್ಟರೆ ಮತ್ತೆ ಹುಡುಗಿಯರ ಸುದ್ದಿ ಖಲಾಸ್" ಎಂದರು ಭಾಗವತರು.

"ಎದುರು ನಾನಿದ್ದೇನಲ್ಲ ಮಗಾ, ನಿಂಗೆಂತ ಹೆದರಿಕೆ?" ಎಂದರು ಮಾವ.

ರಾಣಿಯ ಬದುಕನ್ನು ಅವರೇ ಹೇಳಿಕೊಟ್ಟರು. ಗಂಡನನ್ನು ಬಿಟ್ಟು ಅವನ ಆಭರಣಗಳನ್ನೆಲ್ಲ ಅವಳು ಹಿಂದಕ್ಕೆ ಕಳಿಸಿದ್ದು, ಪರಂಗಿಯವರಿಗೆ ಕಪ್ಪ ಕೊಡೆನೆಂದದ್ದು, ಮೊಗವೀರರನ್ನೂ ಬ್ಯಾರಿಗಳನ್ನೂ ಒಟ್ಟು ಮಾಡಿ ಕಾದಿದ್ದು, ಕೊನೆಗೆ ಗಂಡನೇ ಪರಂಗಿಯವರ ಜೊತೆ ಸೇರಿದ್ದು. "ಅವಳು ಫಿರಂಗಿಗೆ ಸೋತದ್ದಲ್ಲ. ಮನೆಯ ಹಿಂಬಾಗಿಲು ಗೊತ್ತಿದ್ದವನಿಗೆ ಸೋತದ್ದು" ಎನ್ನುತ್ತಿದ್ದರು. ಬಂಗರಸ ಏನು ಕೇಳುತ್ತಾನೆ, ನಾನೇನು ಹೇಳಬೇಕು ಎಲ್ಲ ನಿಶ್ಚಯವಾಗಿತ್ತು.

ಡಿಸೆಂಬರಿನ ಮೊದಲ ಶುಕ್ರವಾರ ತಾಳಮದ್ದಳೆಯ ಕೂಟ. ಸಭಾಂಗಣದ ತುಂಬ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಂದೊಂದು ರೂಮಿನಲ್ಲಿ ಆರಾರು ಜನ ಇರುವ ಗಂಡಸರು. ಕಪ್ಪದ ಪ್ರಶ್ನೆಗೆ ನಾನು ಚೆನ್ನಾಗಿಯೇ ಉತ್ತರಿಸಿದೆ. ಆಮೇಲೆ ಮಾವ ನನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

"ಅಬ್ಬಕ್ಕಾ, ಆಭರಣ ಕಳಿಸಿದೆ, ಒಪ್ಪಿದೆ. ನನ್ನ ಮಗಳನ್ನು ಯಾಕೆ ಇಟ್ಟುಕೊಂಡೆ? ಅವಳು ನಡೆಯಲು ಕಲಿತ ಸುದ್ದಿಯನ್ನು ಕಂಡವರ ಬಾಯಲ್ಲಿ ಕೇಳಿದ ತಂದೆ ನಾನು. ಒಮ್ಮೆ ಅವಳ ಮುಖ ತೋರಿಸು."

ಅಭ್ಯಾಸದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ನನ್ನ ಬಾಯಿ ಕಟ್ಟಿತು. ಭಾಗವತರು ಸ್ವಲ್ಪ ಕಾದು, ಪದ ಎತ್ತಿ ನನ್ನ ಮೌನ ಮುಚ್ಚಿದರು. ನಾಡನ್ನು ಮಾರಿದವನಿಗೆ ಅಂದು ಚಪ್ಪಾಳೆ ಬಿತ್ತು.

"ಮೊದಲೇ ಯಾಕೆ ಹೇಳಲಿಲ್ಲ?" ಹೊರಗೆ ಕೇಳಿದೆ.

"ತಾಳಮದ್ದಳೆ ಅಂದ್ರೆ ಹಾಗೇ ಅಲ್ವಾ ಮಗಾ, ಬಾಯಿಗೆ ಬಂತು, ಹೇಳಿದೆ" ಎಂದು ಕಾರಿನ ಕೀ ಹುಡುಕತೊಡಗಿದರು.

ಮಾವನ ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದವರು ತಿರುಗಿ ಬರಲಿಲ್ಲವೆಂದು ಅಮ್ಮ ದಾರಿಯಲ್ಲಿ ಹೇಳಿದರು. "ಪಾಪ" ಎಂದರು. ನನಗೆ ಪಾಪ ಅನ್ನಿಸಲಿಲ್ಲ. ದುಃಖ ತೋಡಿಕೊಳ್ಳಲು ಅವರಿಗೆ ನಮ್ಮ ಮನೆಯಿತ್ತು, ವಾರವಾರವೂ ಇತ್ತು. ನನಗಿದ್ದದ್ದು ಅದೊಂದೇ ಕುರ್ಚಿ.

ಮರುವರ್ಷ ಅಬ್ಬಕ್ಕನಾಗಿ ಕುಳಿತವರು ದಪ್ಪ ಮೀಸೆಯ ಬ್ಯಾಂಕಿನ ಅಂಕಲ್. ಮಾವ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

೧೯೯೮ರ ಜೂನಿನಲ್ಲಿ, ಕೆಲಸ ಬಿಟ್ಟು ಊರಿಗೆ ಹೊರಡುವ ಮುನ್ನ, ಖರ್ಜೂರದ ಪೆಟ್ಟಿಗೆ ಹಿಡಿದು ಬಂದರು. "ನನ್ನ ಮೇಲೆ ಸಿಟ್ಟು ಉಂಟಾ ಇನ್ನೂ?" ಎಂದರು. ನಾನು ಅವರೆದುರು ಕುಳಿತೆ. ಕೂಟದ ರಾತ್ರಿ ಮನೆ ಮುಟ್ಟುವ ಮೊದಲೇ ನನಗೆ ಹೊಳೆದಿದ್ದ ಉತ್ತರವನ್ನು ಹೇಳಿದೆ:

"ಅರಸರೇ, ಮಗಳನ್ನು ನೋಡಲು ಬರುವ ತಂದೆ ಒಬ್ಬನೇ ಬರುತ್ತಾನೆ. ನಿಮ್ಮ ಬೆನ್ನ ಹಿಂದೆ ಪರಂಗಿಯವರ ಹಡಗು ಯಾಕೆ?"

ಮಾವ ಕಣ್ಣು ಮುಚ್ಚಿದರು. ತೊಡೆಗೆ ಎರಡು ಸಲ ತಟ್ಟಿದರು. "ಸೋತೆ ಮಾರಾಯ್ತಿ" ಎಂದರು.

"ಅಲ್ಲಿ ಸೋಲಬೇಕಿತ್ತು ಮಾವ, ಎಲ್ಲರೆದುರು."

ಬಿಸಿನೀರು ಕುಡಿದು ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಅಂದಿನ ಪುಟದಲ್ಲಿ ತಾರೀಖು ಬರೆದೆ, ಖರ್ಜೂರ ಬರೆದೆ. ಗೀಟು ಹಾಕಲಿಲ್ಲ.