ಶಂಕ್ರಪ್ಪನ ಎದೆನೋವು

ಚಿಕ್ಕೇರೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಂಕ್ರಪ್ಪನ ಹಿಟ್ಟಿನ ಗಿರಣಿ ಇದೆ. ಹರೆಯದಿಂದಲೂ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿದೆ. ಮದುವೆಮನೆಯಲ್ಲಿ ಪಕ್ಕದವರನ್ನು ‘ಊಟ ಆತೇನ್ರಿ?’ ಎಂದು ಕೇಳಿದರೆ ಅಡುಗೆಯವರು ಓಡಿಬರುತ್ತಾರೆ. ತಲೆ, ಮೀಸೆ, ಹುಬ್ಬು ಸದಾ ಹಿಟ್ಟಿನಿಂದ ಬೆಳ್ಳಗಿರುತ್ತವೆ. ಮೊಮ್ಮಗಳು ಇಂಪನಾ ಸಣ್ಣವಳಿದ್ದಾಗ, ಅವನು ಸ್ನಾನ ಮಾಡಿ ಬಂದರೆ, “ಈ ಅಜ್ಜ ಬ್ಯಾಡ, ಗಿರಣಿ ಅಜ್ಜ ಬೇಕು” ಎಂದು ಅಳುತ್ತಿದ್ದಳು.

ಇಂಪನಾಗೆ ಈಗ ನಾಲ್ಕು ವರ್ಷ. ಅವಳ ತಾಯಿ ಶೀಲಾ ಹಿರೇಕೆರೂರಿನಲ್ಲಿ ಗುತ್ತಿಗೆ ನರ್ಸ್. ತಂದೆ, ಅಂದರೆ ಶಂಕ್ರಪ್ಪನ ಮಗ ಲೋಹಿತ, ಅಲ್ಲಿಯೇ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಇಬ್ಬರೂ ಬೆಳಿಗ್ಗೆ ಒಂದೇ ಬೈಕಿನಲ್ಲಿ ಹೊರಟರೆ, ಹುಡುಗಿ ಸಂಜೆಯವರೆಗೆ ಅಜ್ಜನ ಹೆಗಲ ಮೇಲೆಯೇ.

ಹೀಗಿರುವಾಗ ಶ್ರಾವಣದಲ್ಲಿ ಶೀಲಾಗೆ ಸರಕಾರಿ ನೌಕರಿಯ ಆದೇಶ ಬಂತು. ಕಾಯಂ ನೌಕರಿ. ಊರು ಮಾತ್ರ ಕೊಳ್ಳೇಗಾಲ.

“ಕೊಳ್ಳೇಗಾಲ!” ಶಂಕ್ರಪ್ಪ ಕೂಗಿದ. “ಅದು ನಮ್ಮ ರಾಜ್ಯದಾಗ ಐತೇನಲೇ?”

ಲೋಹಿತ ಮೊಬೈಲಿನಲ್ಲಿ ನಕ್ಷೆ ತೆಗೆದು, ಎರಡೂ ಊರು ಒಂದೇ ಪರದೆಯಲ್ಲಿ ಬರುವಷ್ಟು ಕಿರಿದು ಮಾಡಿ, ನಡುವೆ ಎರಡು ಬೆರಳಿಟ್ಟು ತೋರಿಸಿದ. “ನೋಡಪಾ, ಎರಡು ಬಟ್ಟು ದೂರ ಅಷ್ಟ.”

“ಆ ಎರಡು ಬಟ್ಟಿನ ನಡುವ ಎಷ್ಟು ಜಿಲ್ಲಾ ಅದಾವು, ಅದನ್ನ ಹೇಳು.”

ಲೋಹಿತ ಮೊಬೈಲು ಕಿಸೆಗೆ ಹಾಕಿಕೊಂಡ. ಅವನು ಮುಂಜಾನೆ ಹೆಂಡತಿಯ ಮಾತಿಗೆ ಹೂಂ ಅನ್ನುತ್ತಿದ್ದ, ಮಧ್ಯಾಹ್ನ ಅಪ್ಪನ ಮಾತಿಗೆ ಹೂಂ ಅನ್ನುತ್ತಿದ್ದ. ಹೀಗಾಗಿ ಮನೆಯಲ್ಲಿ ಏನೂ ತೀರ್ಮಾನವಾಗಲಿಲ್ಲ. ಶಂಕ್ರಪ್ಪನ ಹೆಂಡತಿ ಸರೋಜವ್ವ ಮಾತ್ರ, “ಹೋಗ್ಲಿ ಬಿಡ್ರಿ, ಕಾಯಂ ನೌಕರಿ ಯಾರ ಕೊಡ್ತಾರ?” ಎಂದು ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು.

ಗಿರಣಿಯ ಎದುರಿಗೆ ಹೊಲಿಗೆ ಅಂಗಡಿ ಇಟ್ಟಿದ್ದ ಶೇಖಸಾಬ ಶಂಕ್ರಪ್ಪನ ಬಾಲ್ಯದ ಗೆಳೆಯ. ಒಂದು ದಿನ ಗಿರಣಿ ಗಡಗಡ ತಿರುಗುತ್ತಿರುವಾಗ ಶಂಕ್ರಪ್ಪ ಅವನನ್ನು ಒಳಗೆ ಕರೆದು ಗುಟ್ಟು ಹೇಳತೊಡಗಿದ. ಸದ್ದಿನಲ್ಲಿ ಶೇಖಸಾಬನಿಗೆ ಏನೂ ಕೇಳಿಸಲಿಲ್ಲ.

“ಏನಂದಿ?”

ಶಂಕ್ರಪ್ಪ ದನಿ ಏರಿಸಿದ.

“ಎದಿ ಏನಾತು?”

ಶಂಕ್ರಪ್ಪ ಹೊಟ್ಟೆಯಿಂದ ಉಸಿರೆಳೆದು ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗಿರಣಿ ಗಕ್ಕನೆ ನಿಂತಿತು. “ನಾಳೆ ಮುಂಜಾನಿಂದ ನನಗ ಎದಿನೋವು ಬರತೈತಿ! ಅವರು ಹೆಂಗ ಹೋಗ್ತಾರ ನೋಡ್ತೇನಿ!” ಎಂಬ ಮಾತು ಓಣಿಯ ಆ ತುದಿಯವರೆಗೆ ಹೋಯಿತು.

ಜೋಳದ ಡಬ್ಬಿ ಹಿಡಿದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಮಂಜವ್ವ ಹಿರಿಯಳು. “ನಾಳೆ ಬರೂದ ಖಾತ್ರಿ ಇದ್ರ, ಇವತ್ತ ನನ್ನ ಹಿಟ್ಟು ಬೀಸಿ ಕೊಟ್ಟಬಿಡಪಾ” ಎಂದಳು.

ಇಷ್ಟಾದರೂ ಶಂಕ್ರಪ್ಪ ಹಿಂಜರಿಯಲಿಲ್ಲ. ಹೆಂಗಸರು ಮರೆಯುತ್ತಾರೆ ಎಂದುಕೊಂಡ. ಮರುದಿನ ಚಹಾ ಮುಗಿದ ಮೇಲೆ ಎದೆ ಹಿಡಿದು ಕಟ್ಟೆಗೆ ಒರಗಿದ.

ಶೀಲಾಗೆ ಹಿಂದಿನ ಸಂಜೆಯೇ ಸುದ್ದಿ ಮುಟ್ಟಿತ್ತು. ಆದರೂ ಅವಳು ನಗಲಿಲ್ಲ. ನಾಡಿ ಹಿಡಿದು ನೋಡಿದಳು, ಬಿಪಿ ನೋಡಿದಳು, ಗಂಡನ ಬೈಕಿನಲ್ಲಿ ಕೂರಿಸಿ ಹಿರೇಕೆರೂರಿಗೆ ಕರೆದೊಯ್ದು ಇಸಿಜಿ ಮಾಡಿಸಿದಳು. ಡಾಕ್ಟರು, “ಕುದುರಿ ಹಂಗ ಅದಾರ, ಏನೂ ಆಗಿಲ್ಲ” ಎಂದರು.

“ನನಗ ಒಳಗ ನೋಯ್ತೈತಿ. ಮಷೀನಿಗೆ ಏನ ಗೊತ್ತಾಕ್ಕತಿ?” ಎಂದ ಶಂಕ್ರಪ್ಪ.

“ಖರೇ ಐತ್ರಿ ಮಾವಾರ,” ಎಂದಳು ಶೀಲಾ. “ಹಂಗಾದ್ರ ಪಥ್ಯ ಮಾಡೂನು. ಉಪ್ಪು ಬ್ಯಾಡ, ಖಾರ ಬ್ಯಾಡ. ಗಿರಣಿ ಕಡೆ ಹೋಗೂದು ಬ್ಯಾಡ. ಮಾತು ಕಡಿಮಿ ಮಾಡ್ರಿ.”

ಕೆಂಪು ಮೆಣಸಿನಕಾಯಿಯ ರಂಜಕ ಇಲ್ಲದೆ ರೊಟ್ಟಿ ಮುರಿಯದ ಮನುಷ್ಯನ ತಾಟಿಗೆ ಉಪ್ಪಿಲ್ಲದ ಗಂಜಿ ಬಂತು. ಸರೋಜವ್ವ ಅದನ್ನು ಬಡಿಸಿ, ಪಕ್ಕದಲ್ಲೇ ಕೂತು ಹಸಿಮೆಣಸಿನಕಾಯಿ ಕಡಿಯುತ್ತ ರೊಟ್ಟಿ ತಿಂದಳು. ಸಂಜೆ ಊರಿನವರು ಒಬ್ಬೊಬ್ಬರೇ ಮಾತಾಡಿಸಲು ಬಂದರು. ‘ಹೆಂಗೈತಿ ನೋವು?’ ಎಂದು ಕೇಳಿ, ಹೊಸಿಲು ದಾಟುವ ಮೊದಲೇ ನಗುತ್ತಿದ್ದರು.

ಇದನ್ನೆಲ್ಲ ಅವನು ಹಲ್ಲು ಕಚ್ಚಿ ಸಹಿಸುತ್ತಿದ್ದನೇನೋ. ಆದರೆ ಇಂಪನಾ ಅವನ ಹತ್ತಿರ ಬರುವುದನ್ನೇ ಬಿಟ್ಟಳು. ಬಾಗಿಲ ಮರೆಯಲ್ಲಿ ನಿಂತು ಇಣುಕುತ್ತಿದ್ದಳು.

“ಬಾರವ್ವಾ, ಹೆಗಲ ಮ್ಯಾಲೆ ಕುಂದ್ರಿಸಿಕೋತೇನಿ.”

“ಒಲ್ಲೆ. ಅಜ್ಜನ ಎದಿ ಗಾಜಿಂದು, ಹತ್ತಿದ್ರ ಒಡೀತೈತಿ ಅಂತ ಅವ್ವ ಹೇಳ್ಯಾಳ.”

ಯಾರಿಗಾಗಿ ಈ ನೋವು ತಂದುಕೊಂಡಿದ್ದನೋ ಅವಳೇ ಈಗ ದೂರ ನಿಂತಿದ್ದಳು. ಶಂಕ್ರಪ್ಪ ಎದ್ದು ಎದೆಯ ಮೇಲೆ ಧಪಧಪ ಗುದ್ದಿಕೊಂಡ. “ನೋಡು, ಗಾಜಲ್ಲ, ಕಲ್ಲು ಐತಿ! ಬಾ!” ಸದ್ದಿಗೆ ಶೀಲಾ ಅಡುಗೆಮನೆಯಿಂದ ಹೊರಬಂದಳು.

“ನೋವು ಹೋತೇನ್ರಿ ಮಾವಾರ?”

“ಬಂದ ಇರಲಿಲ್ಲ ತಂಗಿ. ನಿನಗೂ ಗೊತ್ತೈತಿ.”

ಶೀಲಾ ಅವನೆದುರು ನೆಲದ ಮೇಲೆ ಕೂತಳು. “ನೀವು ಬ್ಯಾಡ ಅಂದ್ರ ನಾ ಹೋಗೂದಿಲ್ಲ. ಆದ್ರ ಬ್ಯಾಡ ಅನ್ನೂದನ್ನ ಬಾಯ್ಲೆ ಅನ್ರಿ, ಎದಿಲೆ ಅನಬ್ಯಾಡ್ರಿ.”

ಪ್ರತಿ ವರ್ಷ ಗುತ್ತಿಗೆ ಮುಗಿಯುವ ಹೊತ್ತಿಗೆ ಈ ಹುಡುಗಿ ಊಟ ಬಿಟ್ಟು ಆಫೀಸಿನಿಂದ ಆಫೀಸಿಗೆ ಓಡಾಡುವುದನ್ನು ಶಂಕ್ರಪ್ಪ ನೋಡಿದ್ದ. ಬೇಡ ಎಂದರೆ ಅವಳು ನಿಜವಾಗಿಯೂ ಉಳಿಯುತ್ತಾಳೆ ಎಂದೇ ಅವನಿಗೆ ಹೆದರಿಕೆಯಾಯಿತು.

“ಹೋಗ್ರಿ,” ಎಂದ. “ಹುಡಿಗಿನ್ನೂ ಕರಕೊಂಡ ಹೋಗ್ರಿ. ಅವ್ವ ಒಂದು ಕಡೆ, ಮಗಳು ಒಂದು ಕಡೆ ಇರಬಾರದು.”

ಕೂಡಲೇ ಶೀಲಾ ಮುಖ ಮುಚ್ಚಿಕೊಂಡು ಅಳತೊಡಗಿದಳು. ಯಾರಾದರೂ ಗಟ್ಟಿಯಾಗಿ ಬೇಡ ಎಂದುಬಿಟ್ಟರೆ ಸಾಕು ಎಂದು ಅವಳೂ ಒಳಗೊಳಗೆ ಕಾಯುತ್ತಿದ್ದಳಂತೆ. ಗೊತ್ತಿಲ್ಲದ ಊರು, ಅತ್ತೆಯಿಲ್ಲದ ಅಡುಗೆಮನೆ, ಅವಳಿಗೂ ದಿಗಿಲು. ಲೋಹಿತ ಇದೇ ಸಮಯ ಎಂದು, “ನನಗೂ ಮನಸ್ಸಿಲ್ಲ, ಇಲ್ಲೆ ಗಿರಾಕಿ ಅದಾರ...” ಎಂದು ಶುರುಮಾಡಿದ.

“ಸುಮ್ಕಿರು!” ಸರೋಜವ್ವ ಒಳಗಿನಿಂದಲೇ ಗದರಿಸಿದಳು. “ಮೋಟಾರು ಅಲ್ಲೆ ಸುಡೂದಿಲ್ಲೇನು? ಒಂದು ವರ್ಷ ಇದ್ದು ನೋಡ್ರಿ. ಒಗ್ಗದಿದ್ರ ಮುಂದ ವಿಚಾರ ಮಾಡೂನು. ಈಗ ಎದ್ದು ಊಟ ಮಾಡ್ರಿ, ಎಲ್ಲಾರಿಗೂ ಉಪ್ಪು ಹಾಕೇನಿ.”

ಆ ತಿಂಗಳೇ ಅವರು ಹೋದರು. ಲೋಹಿತ ಅಲ್ಲಿ ಅಂಗಡಿ ಸಿಗುವವರೆಗೆ ಮನೆಯಲ್ಲಿದ್ದು ಮಗಳನ್ನು ನೋಡಿಕೊಂಡ. ಜಡೆ ಹಾಕಲು ಕಲಿತ. ಮೋಟಾರಿಗೆ ಸುತ್ತಿದಷ್ಟೇ ಬಿಗಿಯಾಗಿ ಸುತ್ತುತ್ತಾನೆ ಎಂದು ಹುಡುಗಿ ಫೋನಿನಲ್ಲಿ ದೂರು ಹೇಳಿದಳು.

ಅಂಗನವಾಡಿಗೆ ಹೋಗತೊಡಗಿದ ಮೇಲೆ ಒಂದು ದಿನ ಫೋನಿನಲ್ಲಿ, “ತಾತಾ, ಊಟ ಆಯ್ತಾ?” ಎಂದಳು.

ಶಂಕ್ರಪ್ಪ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಎದುರಿನ ಅಂಗಡಿಗೆ ಓಡಿ, “ಶೇಖಸಾಬ, ಹುಡಿಗಿ ನನಗ ತಾತ ಅಂತೈತಿ! ಯಾರವ ತಾತ?” ಎಂದ.

“ಅಲ್ಲೆ ಅಜ್ಜಗ ಹಂಗ ಅಂತಾರಂತ ಮಾರಾಯ.”

“ಅನ್ನಾವ್ರು ಅನ್ಲಿ. ನಾ ಅಜ್ಜ.”

ಮರುದಿನವೇ ಚೀಲ ತುಂಬ ರೊಟ್ಟಿ, ಶೇಂಗಾಚಟ್ನಿ ಕಟ್ಟಿಸಿಕೊಂಡು ಕೊಳ್ಳೇಗಾಲಕ್ಕೆ ಹೊರಟ. ಎರಡು ದಿನ ಇದ್ದು ಬರುತ್ತೇನೆ ಎಂದು ಹೋದವನು ಅಲ್ಲಿಯೇ ಉಳಿದುಬಿಟ್ಟ. ದಿನಾ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಅಂಗನವಾಡಿಗೆ ಬಿಡುವುದು, ದಾರಿಯುದ್ದಕ್ಕೂ “ಅಜ್ಜಾ ಅನ್ನು” ಎಂದು ಹೇಳಿಕೊಡುವುದು. ಅವನ ದನಿಗೆ ಇಡೀ ಬೀದಿಯ ಮಕ್ಕಳೇ ಕಲಿತು, ಅವನು ಕಂಡಾಗಲೆಲ್ಲ ‘ಅಜ್ಜಾ’ ಎಂದು ಕೂಗತೊಡಗಿದರು. ಇಂಪನಾ ಮಾತ್ರ ಒಮ್ಮೆ ಅಜ್ಜ, ಒಮ್ಮೆ ತಾತ, ಬಾಯಿಗೆ ಬಂದದ್ದು. ಕೊನೆಗೆ ಅವನೂ ಎರಡಕ್ಕೂ ಓಗೊಟ್ಟ.

ಇನ್ನೂ ಇರುತ್ತಿದ್ದ. ಅಷ್ಟರಲ್ಲಿ ಸರೋಜವ್ವನ ಫೋನು ಬಂತು. ಗಿರಣಿಗೆ ಬೀಗ ಹಾಕಿ ಕೂತು ಬೇಜಾರಾಗಿದ್ದಾಳೆ, ಕರೆಯುತ್ತಿದ್ದಾಳೆ ಎಂದುಕೊಂಡು ಅವನು ಗತ್ತಿನಿಂದಲೇ ಕೇಳಿದ:

“ಏನು, ಬರ್ಲೇನು?”

“ಬ್ಯಾಡ್ರಿ, ಆರಾಮ ಇರ್ರಿ. ಗಿರಣಿ ನಾನ ನಡಸಾಕತ್ತೇನಿ. ಹಿಟ್ಟು ಮೊದಲಿನಕಿಂತ ಸಣ್ಣಗ ಬರತೈತಿ ಅಂತ ಮಂಜವ್ವ ಹೊಗಳಾಕತ್ಯಾಳ.”

ಶಂಕ್ರಪ್ಪ ಸಂಜೆಯ ಬಸ್ಸಿಗೇ ಊರಿಗೆ ಹೊರಟ.